ಮೃಗಶಿರ ಕೂಡುವ ತನಕ ಹಳೆಯ ಟೈರು

ಸ್ಕೂಟರಿನ ಟೈರು ಯಾವಾಗ ಬದಲಿಸಬೇಕು ಎಂಬ ವಿಷಯದಲ್ಲಿ ಬಸವಕಲ್ಯಾಣದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾಗೆ ನಂಬಿದವನು ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು.

ನನ್ನ ಹತ್ತಿರ ಎರಡು ಜೊತೆ ಟೈರಿದ್ದವು. ಬೇಸಿಗೆಗೆ ಸವೆದು ನುಣ್ಣಗಾದ ಹಳೆಯ ಜೊತೆ, ಮಳೆಗಾಲಕ್ಕೆ ಗ್ರಿಪ್ ಇರುವ ಹೊಸ ಜೊತೆ. ಕಾದ ಡಾಂಬರಿನ ಮೇಲೆ ಹೊಸ ಟೈರು ಸವೆಸಲು ನನಗೇನು ತಲೆ ಕೆಟ್ಟಿತ್ತೇ? ಅವನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸುತ್ತಿದ್ದೆ. ಇಳಿಸುವ ಮುಹೂರ್ತ, ಪಂಚಾಂಗದ ಪ್ರಕಾರ ಮೃಗಶಿರ ಮಳೆ ಕೂಡುವ ದಿನ. ಒಂದು ದಿನ ಹಿಂದಿಲ್ಲ, ಮುಂದಿಲ್ಲ!

ಇದು ತೊಂಬತ್ತರ ದಶಕದ ಮಾತು. ನನ್ನ ಹೆಂಡತಿ ಶಾಂತಾ ಬಿ.ಎಡ್. ಮುಗಿಸಿ ಎಂಟು ವರ್ಷ ಮನೆಯಲ್ಲಿದ್ದಳು. ಹುಮನಾಬಾದಿನ ಒಂದು ಖಾಸಗಿ ಹೈಸ್ಕೂಲಿನಿಂದ ಸಂದರ್ಶನಕ್ಕೆ ಕರೆ ಬಂತು. ಆ ವರ್ಷ ತಪ್ಪಿದರೆ ಅವಳ ವಯಸ್ಸಿನ ಮಿತಿ ಮೀರುತ್ತಿತ್ತು. ಅವಳು ಹದಿನೈದು ದಿನ ಗಣಿತದ ಪುಸ್ತಕ ಹಿಡಿದು ಒಲೆಯ ಮುಂದೆ ಕೂತಳು. ಎರಡು ಸಲ ಸಾರು ಸೀದುಹೋಯಿತು. ನಾನು ಉದಾರಿ, ಏನೂ ಅನ್ನಲಿಲ್ಲ.

ಹಿಂದಿನ ದಿನ ಸಂಜೆ ಪಂಕ್ಚರ್ ಅಂಗಡಿಯ ಮೆಹಬೂಬ್ ಭಾಯ್ ಸ್ಕೂಟರಿಗೆ ಗಾಳಿ ಹಾಕುತ್ತ ತಲೆ ಅಲ್ಲಾಡಿಸಿದ.

"ಶೇಟ್‌ಜಿ, ಟೈರ್ ಪೂರಾ ಬೋಳ ಆಗ್ಯಾವ್ರಿ. ಮೋಡ ನೋಡ್ರಿ ಹ್ಯಾಂಗ್ ಕಟ್ಟ್ಯಾವ. ಹೊಸಾವು ತರ್ರಿ, ಈಗೇ ಹಾಕಿ ಕೊಡ್ತೀನಿ."

"ಮೃಗಶಿರ ಕೂಡ್ಲಾಕ ಇನ್ನಾ ಮೂರ್ ದಿನ ಅದ ಭಾಯ್. ಅದೂ ಈ ವರ್ಷ ಅದರ ವಾಹನ ಕತ್ತೆ. ಮಳಿ ಜೋರಿಲ್ಲ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಪಂಚಾಂಗದಲ್ಲಿ ಪ್ರತಿಯೊಂದು ಮಳೆಯೂ ಒಂದು ಪ್ರಾಣಿಯ ಮೇಲೆ ಕೂತು ಬರುತ್ತದೆ. ಆನೆ, ಕಪ್ಪೆ, ಎಮ್ಮೆಯ ಮೇಲೆ ಬಂದರೆ ಭಾರಿ ಮಳೆ. ಕತ್ತೆಯ ಮೇಲೆ ಬಂದರೆ ನೆಚ್ಚುವಂತಿಲ್ಲ. ಇಷ್ಟೆಲ್ಲ ಶಾಸ್ತ್ರ ಓದಿಕೊಂಡ ನಾನು ಮೃಗಶಿರಕ್ಕಿಂತ ಮೊದಲು ರೋಹಿಣಿ ಎಂಬ ಮಳೆಯೊಂದಿದೆ, ಅದು ಇನ್ನೂ ನಡೆಯುತ್ತಿದೆ ಎಂಬುದನ್ನು ಮಾತ್ರ ಮರೆತಿದ್ದೆ!

ಬೆಳಿಗ್ಗೆ ಶಾಂತಾ ಗಂಜಿ ಹಾಕಿ ಇಸ್ತ್ರಿ ಮಾಡಿದ ತಿಳಿ ಹಳದಿ ಸೀರೆಯುಟ್ಟು ನಿಂತಳು.

"ನಾ ಎಂಟರ ಬಸ್ಸಿಗೆ ಹೋಗ್ತೀನ್ರಿ."

"ಬಸ್ಸಿನ್ಯಾಗ ಸೀರಿ ಮುದ್ದಿ ಆಗ್ತದ. ನಾ ಸಾಲಿ ಬಾಗಲಕ್ಕೇ ಬಿಡ್ತೀನಿ, ಕುಂದ್ರು."

ಕೂತಳು. ಪಾಪ!

ರಾಜೇಶ್ವರಕ್ಕೆ ಬರುವಷ್ಟರಲ್ಲಿ ಆಕಾಶ ಕಪ್ಪಿಟ್ಟಿತು. ಬಸ್‌ಸ್ಟಾಪಿನಲ್ಲಿ ಅದೇ ಎಂಟರ ಬಸ್ಸು ನಿಂತಿತ್ತು. ಕಂಡಕ್ಟರ್ "ಹುಮನಾಬಾದ್, ಹುಮನಾಬಾದ್" ಎಂದು ಕೂಗುತ್ತಿದ್ದ. ಶಾಂತಾ ನನ್ನ ಹೆಗಲು ಹಿಡಿದಳು.

"ಏನ್ರಿ, ನನ್ ಇಲ್ಲೇ ಇಳಸ್ರಿ. ಇವತ್ತೊಂದಿನ ನನ್ ಮಾತ್ ಕೇಳ್ರಿ."

"ಬಸ್ಸಿನಕಿಂತ ಮೊದಲ ಮುಟ್ಟಸ್ತೀನಿ!" ಎಂದು ನಾನು ಆಕ್ಸಿಲರೇಟರ್ ತಿರುಗಿಸಿದೆ.

ಮುಂದೆ ಸೇತುವೆ ಕೆಲಸ ನಡೆದು, ದಾರಿಯನ್ನು ಹೊಲದ ಬದಿಯ ಕಚ್ಚಾ ರಸ್ತೆಗೆ ತಿರುಗಿಸಿದ್ದರು. ಮಳೆ ಶುರುವಾಯಿತು. ಎರೆಮಣ್ಣು! ಬಸ್ಸು ನಮ್ಮನ್ನು ದಾಟಿ ಹೊರಟುಹೋಯಿತು. ಮರುಕ್ಷಣ ನನ್ನ ಬೇಸಿಗೆಯ ಟೈರು ಮಳೆಗಾಲವನ್ನು ಪ್ರವೇಶಿಸಿತು. ಮುಂದಿನ ಚಕ್ರ ಬಲಕ್ಕೆ ಹೋಯಿತು, ಹಿಂದಿನದು ಎಡಕ್ಕೆ. ನಾವಿಬ್ಬರೂ ನಡುವೆ ಬಿದ್ದೆವು.

ಯಾರಿಗೂ ಪೆಟ್ಟಾಗಲಿಲ್ಲ. ಹಳದಿ ಸೀರೆ ಸೆರಗಿನವರೆಗೆ ಕಪ್ಪಾಗಿತ್ತು. ಆದರೆ ಕೆಸರಲ್ಲಿ ಕೂತ ಶಾಂತಾ ಸರ್ಟಿಫಿಕೇಟಿನ ಚೀಲವನ್ನು ಮಾತ್ರ ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಅದನ್ನು ನೆನೆದರೆ ಇಂದಿಗೂ ನನಗೆ ನಗು ಬರುವುದಿಲ್ಲ.

ಸ್ಕೂಟರ್ ಎತ್ತಿದರೆ ಚಕ್ರಕ್ಕೆ ಮೆತ್ತಿದ ಮಣ್ಣಿನಿಂದ ಅದು ತಿರುಗಲೊಲ್ಲದು. ಕಡ್ಡಿ ಹಾಕಿ ಕೆರೆದೆ. ಹತ್ತು ಹೆಜ್ಜೆ ದಬ್ಬಿದರೆ ಮತ್ತೆ ಅಷ್ಟೇ ಮಣ್ಣು. ಬಹಳ ಹೊತ್ತಿನ ಮೇಲೆ ಒಂದು ಟ್ರ್ಯಾಕ್ಟರ್ ಬಂತು. ರೈತ ಇಳಿದು ನನ್ನ ಟೈರಿನ ಮೇಲೆ ಕೈಯಾಡಿಸಿದ.

"ಇಂಥಾ ಟೈರ್ ಹಾಕ್ಕೊಂಡ್ ಮಳ್ಯಾಗ ಬಂದೀರೇನ್ರಿ ಸಾವಕಾರ್ರ?"

"ಮೃಗಶಿರ ಇನ್ನಾ ಕೂಡಿಲ್ಲಪಾ."

"ಅದು ಮಳಿಗಿ ಗೊತ್ತದೇನ್ರಿ?"

ಅವನೇ ಸ್ಕೂಟರಿನೊಂದಿಗೆ ನಮ್ಮನ್ನೂ ಟ್ರಾಲಿಗೆ ಹತ್ತಿಸಿಕೊಂಡ. ಹನ್ನೊಂದಕ್ಕಿದ್ದ ಸಂದರ್ಶನಕ್ಕೆ ನಾವು ಒಂದೂವರೆಗೆ ಮುಟ್ಟಿದೆವು. ಗುಮಾಸ್ತರು ಶಾಂತಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೆಲ್ಲಗೆ ಹೇಳಿದರು:

"ತಂಗೀ, ನಿನ್ ಹೆಸರು ಮೂರ್ ಸಲ ಕರದ್ವಿ. ಕಮಿಟಿಯವ್ರು ಎದ್ದ್ ಹೋದ್ರು."

ನಾನು ಪಂಚಾಂಗದ ವಿಚಾರ ವಿವರಿಸಲು ಬಾಯಿ ತೆರೆದೆ. ಶಾಂತಾ ನನ್ನತ್ತ ನೋಡಿದಳು. ಮುಚ್ಚಿದೆ.

ಅವಳು ಬಸ್ಸಿನಲ್ಲಿ ಮನೆಗೆ ಹೋದಳು. ನಾನು ಒಬ್ಬನೇ ಸ್ಕೂಟರಿನಲ್ಲಿ ಹಿಂತಿರುಗಿದೆ. ದಾರಿಯುದ್ದಕ್ಕೂ ಚುರುಚುರು ಬಿಸಿಲು! ಅಂದು ಸಂಜೆಯೇ ಹೊಸ ಟೈರು ಹಾಕಿಸಿದೆ. ಆಮೇಲೆ ಇಪ್ಪತ್ತು ದಿನ ಒಂದು ಹನಿ ಬೀಳಲಿಲ್ಲ.

ಶಾಂತಾ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮನೆಯ ಪಡಸಾಲೆಯಲ್ಲೇ ಗಣಿತದ ಟ್ಯೂಷನ್ ಶುರು ಮಾಡಿದಳು. ಅವಳ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಈಗ ಅದೇ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಹಳದಿ ಸೀರೆಯ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಮರುವರ್ಷ ನಾನು ಅಟ್ಟ ಹತ್ತಿ ನೋಡಿದರೆ, ಗೋಣಿಚೀಲ ಹರಿದುಹೋಗಿತ್ತೆಂದು ಅವಳು ನನ್ನ ಹೊಸ ಟೈರುಗಳನ್ನು ಅದೇ ಸೀರೆಯಲ್ಲಿ ಸುತ್ತಿಟ್ಟಿದ್ದಳು. ಅಂದಿನಿಂದ ನಾನು ಹೋಳಿ ಹುಣ್ಣಿಮೆ ಮುಗಿಯುತ್ತಲೇ ಟೈರು ಬದಲಿಸುತ್ತೇನೆ.

ಮೊನ್ನೆ ಯುಗಾದಿಗೆ ಹೊಸ ಪಂಚಾಂಗ ತಂದೆ. ಶಾಂತಾ ಚಹಾ ತಂದುಕೊಟ್ಟು ಕೇಳಿದಳು:

"ಈ ವರ್ಷ ಮೃಗಶಿರದ ವಾಹನ ಯಾವ್ದಂತ್ರಿ? ಕತ್ತೆ ಏನು?"

"ನಾ ಇನ್ನಾ ನೋಡಿಲ್ಲ."

"ಅದಕ್ಕ ಪಂಚಾಂಗ ಯಾಕ್ ನೋಡ್ಬೇಕ್ರಿ? ನಮ್ಮನ್ಯಾಗೇ ಕುಂತ್ ಚಾ ಕುಡಿಯಾಕತ್ತದಲ್ಲ!"

ನಾನು ಚಹಾ ಮುಗಿಸಿದೆ.