ಕಡಲಾಚೆಯ ಆಯಸ್ಸು

ಎಲ್ಲ ಕೆಟ್ಟದ್ದು ಒಂದು ಕೆಮ್ಮಿನಿಂದ. ಮದುವೆ ಮಾತುಕತೆಗೆಂದು ತಾಯಿಯ ಜತೆ ಬಂದ ಗಡಿಯಾರ ರಿಪೇರಿಯವನು ಹುಡುಗಿ ಕೊಟ್ಟ ನೀರನ್ನು ಅವಳನ್ನೇ ನೋಡುತ್ತ ಕುಡಿದ. ನೀರು ದಾರಿ ತಪ್ಪಿತು. ಕೆಮ್ಮು ಹಳೇ ಸ್ಕೂಟರಿನ ಹಾಗೆ ನಿಂತು ನಿಂತು ಹೊರಟಿತು.

ಇಪ್ಪತ್ನಾಲ್ಕರ ಹುಡುಗಿಯೇನೋ ಸರಿಯಾಗಿ ಓಡುತ್ತಿದ್ದ ಗಡಿಯಾರವನ್ನೇ ಅವನ ಅಂಗಡಿಗೆ ಮತ್ತೆ ಮತ್ತೆ ರಿಪೇರಿಗೆ ತಂದವಳು. ತೊಡಕು ಅವಳಪ್ಪನದು. ಜೀವವಿಮೆ ಏಜೆಂಟರಾದ ಅವರಿಗೆ ಕೆಮ್ಮು ಕೇಳಿದರೆ ಮನುಷ್ಯ ಕಾಣುವುದಿಲ್ಲ, ಕ್ಲೇಮು ಕಾಣುತ್ತದೆ.

"ನಿಮ್ಮ ತಂದೆ ಎಷ್ಟು ವಯಸ್ಸಿಗೆ ಹೋದರು?"

"ಮೂವತ್ತೆಂಟಕ್ಕೆ. ಲಾರಿ ಗುದ್ದಿ."

"ಲಾರಿ ಒಂದು ನೆಪ," ಎಂದ ಪಕ್ಕದ ಕ್ಷೌರದಂಗಡಿಯವ, ಕರೆಯದೆಯೇ ಕಿಟಕಿಗೆ ಆತುಕೊಂಡು. "ಆ ಮನೆ ಗಂಡಸರ ತಲೇಲಿ ನಾನು ಒಂದು ಬಿಳಿಕೂದಲು ಕತ್ತರಿಸಿಲ್ಲ ಸ್ವಾಮಿ."

ಅವನು ಕತ್ತರಿಸಿದ್ದು ಅಪ್ಪ, ಮಗ ಎರಡೇ ತಲೆ. ಆದರೂ ಮಾತು ನಾಟಿತು. ತಾತ ಮುತ್ತಾತಂದಿರೆಲ್ಲ ಕಡಲಾಚೆ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಕಣ್ಮುಚ್ಚಿದವರು. ಹುಡುಗನ ಅಪ್ಪ ಅಮ್ಮ ಹಿರಿಯರೊಡನೆ ಜಗಳವಾಡಿ ಹಡಗು ಹತ್ತಿ ಇಲ್ಲಿಗೆ ಬಂದ ಮೇಲೆ ಆ ಕಡೆಯ ಸುದ್ದಿಯೇ ಇಲ್ಲ. ಏಜೆಂಟರು ಗಡುವು ಕೊಟ್ಟರು: ಸಂಜೆ ಇನ್ನೊಬ್ಬ ಹುಡುಗನ ಕಡೆಯವರು ಬರುತ್ತಾರೆ, ಅಷ್ಟರೊಳಗೆ ನಿಮ್ಮ ಹಿರಿಯರ ಆಯಸ್ಸು ರುಜುವಾತಾಗಲಿ.

ಆ ದೇಶದ ಜನನ, ಮದುವೆ, ಮರಣಗಳ ದಾಖಲೆ ಕಂಪ್ಯೂಟರಿನಲ್ಲಿ ಸಿಗುತ್ತದಂತೆ. ಕಂಪ್ಯೂಟರ್ ಅಂಗಡಿಯಲ್ಲಿ ಮಗನ ಮೊಣಕೈ ಹಿಡಿದು ತಾಯಿ ತಮ್ಮ ಮಾವನ ಹೆಸರು ಹೇಳಿದರು. ಅರ್ಧ ಬೀದಿ ಹಿಂದೆ ನಿಂತು ಇಣುಕಿತು. ತಾತನ ಹೆಸರು ತೆರೆದುಕೊಂಡಿತು: ಮರಣ, ಮೂರನೇ ವಯಸ್ಸಿನಲ್ಲಿ.

ಕ್ಷೌರದಂಗಡಿಯವ ನಿಟ್ಟುಸಿರಿಟ್ಟ. "ನಾನು ಹೇಳಿದ್ನಲ್ಲ."

"ಮೂರು ವರ್ಷಕ್ಕೆ ಸತ್ತವನು ನಿಮ್ಮಪ್ಪನ್ನ ಹೆತ್ತನೇನೋ?" ಎಂದು ತಾಯಿ ಮಗನನ್ನು ತಿವಿದರು. "ಅದೇ ಹೆಸರಿನ ಬೇರೆ ಯಾರೋ. ಮದುವೆಯಿಂದ ಹುಡುಕು. ಹಾಗೇ ನನ್ನ ತವರನ್ನೂ ತೆಗೆ."

ಮದುವೆ ಸಿಕ್ಕಿತು, ಅದರ ಬಾಲ ಹಿಡಿದು ಸಾವೂ ಸಿಕ್ಕಿತು. ತಾತ ತೊಂಬತ್ತೆರಡು. ಮುತ್ತಾತ ತೊಂಬತ್ತೇಳು. ಗಡಿಯಾರದವನು ಕಾಗದ ಎದೆಗೊತ್ತಿಕೊಂಡು ಓಡಿದ. ಇನ್ನೊಬ್ಬ ಹುಡುಗನ ಕಡೆಯವರು ಇನ್ನೂ ಬಂದಿರಲಿಲ್ಲ.

ಏಜೆಂಟರು ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು, ಅಳಿಯನಿಗೆ ಕುರ್ಚಿ ಎಳೆದುಕೊಟ್ಟರು. ಹುಡುಗಿ ನಕ್ಕಳು. ಹಿಂದೆಯೇ ಬಂದ ತಾಯಿ ಗೆದ್ದ ಸಂಭ್ರಮದಲ್ಲಿ ತಮ್ಮ ತವರಿನ ಹಾಳೆಯನ್ನೂ ಮುಂದಿಟ್ಟರು.

"ನಮ್ಮಜ್ಜಿ ನೂರಾ ನಾಲ್ಕು. ನಮ್ಮಮ್ಮನ ಸಾವು ಎಷ್ಟು ಹುಡುಕಿದ್ರೂ ಸಿಗಲಿಲ್ಲ, ಇನ್ನೂ ಇದ್ದಾಳೆ ಅಂತಾಯ್ತು. ಅಜ್ಜಿಗೆ ಎಂಬತ್ತು ದಾಟಿದಾಗ್ಲೂ ಸೊಸೆಯಂದಿರ ಕೈಗೆ ಸೌಟು ಕೊಟ್ಟಿರಲಿಲ್ಲ. ನಾನು ಥೇಟ್ ಅವಳ ಹಾಗೇ."

ಹುಡುಗಿ ಮೊದಲ ಸಲ ಬಾಯಿ ತೆರೆದಳು. "ಅತ್ತೆ, ನಿಮಗೀಗ ವಯಸ್ಸೆಷ್ಟು?"

ಅತ್ತೆ ಎಂಬ ಮಾತಿಗೆ ಗಡಿಯಾರದವನ ಕಿವಿಯೆಲ್ಲ ಸಿಹಿಯಾಯಿತು.

"ಐವತ್ನಾಲ್ಕು ಕಣಮ್ಮ. ಇವತ್ತಿನವರೆಗೆ ಒಂದು ತಲೆನೋವೂ ಇಲ್ಲ."

ಹುಡುಗಿಯ ಬೆರಳು ಸೆರಗಿನೊಳಗೇ ವರ್ಷ ಎಣಿಸಿ ನಿಂತಿತು. ನಗು ಇಳಿಯಿತು.

"ಅಪ್ಪಾ, ಈ ಲೆಕ್ಕದಲ್ಲಿ ನನಗೆ ಎಪ್ಪತ್ನಾಲ್ಕಾದ್ರೂ ನಾನಿನ್ನೂ ಸೊಸೇನೇ," ಎಂದಳು. "ಸಂಜೆ ಬರೋರ ಮನೇಲಿ ಹೆಂಗಸರ ಆಯಸ್ಸು ಎಷ್ಟಂತೆ, ವಿಚಾರಿಸಿದ್ರಾ?"