ಹರದನಹಳ್ಳಿಯ ಗುರುಮುಖಿ ಮೇಷ್ಟ್ರು

ಇಡೀ ಚಾಮರಾಜನಗರ ಸೀಮೆಯಲ್ಲಿ ಸಿಖ್ ಧರ್ಮವನ್ನು ನಮ್ಮ ಚಿಕ್ಕಪ್ಪನಷ್ಟು ಚೆನ್ನಾಗಿ ಬೋಧಿಸಬಲ್ಲವರು ಇನ್ನೊಬ್ಬರಿರಲಿಲ್ಲ. ಬೇಕಾದರೆ ಪ್ರಮಾಣ ಮಾಡಿ ಹೇಳುತ್ತೇನೆ. ಏಕೆಂದರೆ ಬೋಧಿಸುವವರು ಇನ್ನೊಬ್ಬರು ಇರಲೇ ಇಲ್ಲ! ಇದರಲ್ಲಿ ಒಂದೇ ಒಂದು ಸಣ್ಣ ತೊಡಕೆಂದರೆ, ಚಿಕ್ಕಪ್ಪ ಸಿಖ್ಖರಲ್ಲ. ಹರದನಹಳ್ಳಿಯ ಲಿಂಗಾಯತ ರೈತರು. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಗಡ್ಡವೋ, ವಾರಕ್ಕೆರಡು ಸಲ ನುಣ್ಣಗೆ ಬೋಳಿಸಿದ್ದು!

ಇಂಥವರಿಗೆ ಗುರುಮುಖಿ ಲಿಪಿ ಎಲ್ಲಿಂದ ಬಂತು ಅನ್ನುತ್ತೀರಾ? ಯುದ್ಧದಿಂದ. ಮನೆಯಲ್ಲಿ ಮುನಿಸಿಕೊಂಡು ಸೈನ್ಯ ಸೇರಿದ ಚಿಕ್ಕಪ್ಪ ಬಂದೂಕು ಮುಟ್ಟುವ ಮೊದಲೇ ಲಾರಿಯಿಂದ ಬಿದ್ದು, ಕಾಲು ಮುರಿದುಕೊಂಡು ಐದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದರು. ಪಕ್ಕದ ಮಂಚದ ಸಿಖ್ ಹವಾಲ್ದಾರನಿಗೆ ಎರಡೂ ಕೈ ಸುಟ್ಟು ಬ್ಯಾಂಡೇಜು. ಅವನ ಪ್ರಾರ್ಥನೆ ಪುಸ್ತಕದ ಹಾಳೆ ತಿರುವಿಕೊಡುತ್ತ ಚಿಕ್ಕಪ್ಪ ಅಕ್ಷರ ಕಲಿತರು. ಆಮೇಲೆ ಅವನ ಮನೆಗೆ ಕಾಗದಗಳನ್ನೂ ಬರೆದುಕೊಟ್ಟರು. ಕೊನೆಗೆ ಹತ್ತು ಗುರುಗಳ ಕಥೆಯನ್ನೂ ಕೇಳಿಕೊಂಡು ಕುಂಟುತ್ತ ಊರಿಗೆ ಬಂದರು. "ದಂಡಿಗೋಗಿ ಏನ್ಲಾ ಗೆದ್ಕಂಡ್ ಬಂದೆ?" ಎಂದು ತಾತ ಕೇಳಿದರೆ, "ಮೂವತ್ತೈದ್ ಅಕ್ಸರ ಕನಪ್ಪ" ಎಂದರಂತೆ!

ಆ ಮೂವತ್ತೈದು ಅಕ್ಷರಗಳಿಂದ ಎಷ್ಟೋ ವರ್ಷ ಯಾರಿಗೂ ಉಪಯೋಗವಾಗಲಿಲ್ಲ. ಎತ್ತಿನ ಗಾಡಿಯ ಹಿಂದೆ ತಮ್ಮ ಹೆಸರನ್ನು ಗುರುಮುಖಿಯಲ್ಲಿ ಬರೆದು, ಗಾಡಿ ಯಾರದೆಂದು ಯಾರಿಗೂ ತಿಳಿಯದಂತೆ ಮಾಡಿದ್ದೊಂದೇ ಸಾಧನೆ.

ನಾನಾಗ ಗುಂಡ್ಲುಪೇಟೆಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಮದ್ದೂರು ಕಾಡಿನಿಂದ ಮರದ ದಿಮ್ಮಿ ಸಾಗಿಸುತ್ತಿದ್ದ ಲಾರಿಯ ಸರ್ದಾರ್ಜಿಯೊಬ್ಬರು ಊಟಿ ರಸ್ತೆಯಲ್ಲಿ ಸಂಸಾರ ಹೂಡಿದ್ದರು. ದೇಶ ಒಡೆದಾಗ ಎಲ್ಲವನ್ನೂ ಬಿಟ್ಟು ಓಡಿಬಂದವರು. ಅವರ ಮಗಳು ಜೀತೊ ನನ್ನ ತರಗತಿಯಲ್ಲೇ ಇದ್ದಳು. ಒಂದು ಭಾನುವಾರ ಸರ್ದಾರ್ಜಿ ಒಂದು ಕಾಗದ ಹಿಡಿದು ನನ್ನ ಕೋಣೆಗೆ ಬಂದರು.

"ಮೇಷ್ಟ್ರೇ, ನಂಗೆ ಸ್ಟೇರಿಂಗ್ ಬರ್ತದೆ, ಅಕ್ಷರ ಬರಲ್ಲ. ಸ್ವಲ್ಪ ಓದಿ."

ನಾನು ಕಾಗದವನ್ನು ನೆಟ್ಟಗೆ ಹಿಡಿದೆ, ತಲೆಕೆಳಗೆ ಹಿಡಿದೆ. ಎರಡೂ ಒಂದೇ! ಅಷ್ಟರಲ್ಲಿ, ನನ್ನನ್ನು ನೋಡಲು ಬಂದಿದ್ದ ಚಿಕ್ಕಪ್ಪ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ಬಂದವರು, ನನ್ನ ಹೆಗಲ ಮೇಲಿಂದ ಬಗ್ಗಿ ಸರಾಗವಾಗಿ ಓದಿಬಿಟ್ಟರು. ಸರ್ದಾರ್ಜಿ ಬಾಯಿ ತೆರೆದವರು ಮುಚ್ಚಲಿಲ್ಲ. ಆದರೆ ಒಕ್ಕಣೆ ಮುಗಿಯುವಾಗ ಅವರ ಮುಖ ಬಾಡಿಹೋಗಿತ್ತು.

ಪಂಜಾಬಿನಿಂದ ಜೀತೊಳ ತಾತ ಬರೆಸಿದ್ದರು: ಮಗು ಗುರುಗಳ ವಾಣಿಯ ಒಂದಕ್ಷರ ಕಲಿಯದೆ ಕಾಡಿನಲ್ಲಿ ಬೆಳೆಯುತ್ತಿದೆ. ಚಳಿಗಾಲದಲ್ಲಿ ಒಬ್ಬ ಧರ್ಮಪ್ರಚಾರಕರು ದಕ್ಷಿಣಕ್ಕೆ ಬರುತ್ತಾರೆ. ಊಟಿಗೆ ಹೋಗುವ ದಾರಿಯಲ್ಲಿ ನಿಮ್ಮ ಮನೆಯಲ್ಲಿ ಇಳಿದು ಮಗುವನ್ನು ಪರೀಕ್ಷಿಸುತ್ತಾರೆ. ಕಲಿತಿಲ್ಲವೆಂದರೆ, ಅವರು ಹಿಂದಿರುಗುವಾಗ ಅವಳನ್ನು ಜೊತೆಗೆ ಕಳಿಸು. ಇಲ್ಲೇ ಓದಿಸುತ್ತೇನೆ.

"ಅಪ್ಪನ ಮಾತು ಮೀರೋಕಾಗಲ್ಲ," ಎಂದು ಸರ್ದಾರ್ಜಿ ತಲೆಯ ಮೇಲೆ ಕೈಹೊತ್ತು ಕುಳಿತರು.

"ಇನ್ನೂ ಏಳ್ ತಿಂಗ್ಳದ ಕನಪ್ಪ. ನಾ ಕಲಿಸ್ತೀನಿ ಬುಡು!" ಎಂದರು ಚಿಕ್ಕಪ್ಪ.

ಅಂದಿನಿಂದ ಪ್ರತಿ ಭಾನುವಾರ ಚಿಕ್ಕಪ್ಪ ಚಾಮರಾಜನಗರದಿಂದ ಬಸ್ಸು ಹಿಡಿದು ಸರ್ದಾರ್ಜಿಯ ಮನೆಯಲ್ಲಿ ಹಾಜರ್. ಜೊತೆಗೆ ನಾನೂ ಹೋಗಬೇಕು, "ಮೇಷ್ಟ್ರು ಒಬ್ರು ಇದ್ರೆ ಪಾಠಕ್ಕೊಂದು ಲಕ್ಸಣ ಕನ್ಲಾ" ಎಂದು. ಐದನೆಯ ಅಕ್ಷರದಲ್ಲೇ ಪಾಠ ಸಿಕ್ಕಿಹಾಕಿಕೊಂಡಿತು. ಅದು 'ಹ'.

"ಏಳು ಕೂಸು, ಅ!"

"ಅ!" ಎಂದಳು ಜೀತೊ.

"ಚಿಕ್ಕಪ್ಪ, ಅದು ಅ ಅಲ್ಲ, ಹ," ಎಂದೆ.

"ಅದ್ನೇ ಅಲ್ವೇನ್ಲಾ ನಾ ಏಳ್ತಿರಾದು, ಅ ಅಂತ!"

ಇನ್ನು ಲಂಗರಿನ ಪಾಠ. ಲಂಗರೆಂದರೆ ಗುರುದ್ವಾರದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಊಟ. ನಮ್ಮ ದಾಸೋಹದ ಹಾಗೆ. ಇಷ್ಟು ಹೇಳಿ ಮುಗಿಸಬಹುದಿತ್ತೋ ಇಲ್ಲವೋ? "ಬಾಯ್ಲೇಳುದ್ರೆ ಕೂಸಿಗೆ ತಿಳೀದು" ಎಂದು ನನ್ನ ಕೋಣೆಯಿಂದ ಅಕ್ಕಿಬೇಳೆ ತರಿಸಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿದರು. ನಮ್ಮ ಹೆಡ್‌ಮಾಸ್ತರರ ಪಕ್ಕಕ್ಕೆ ನಮ್ಮ ಶಾಲೆ ಗುಡಿಸುವವನು! ಇಬ್ಬರೂ ಬೆವರಿದರು, ಇಬ್ಬರೂ ಉಂಡರು. ಆ ವಾರವೆಲ್ಲ ನಾನು ಮಾತ್ರ ಅವಲಕ್ಕಿ ತಿಂದೆ.

ಚಳಿಗಾಲ ಬಂದೇಬಿಟ್ಟಿತು. ಪ್ರಚಾರಕರೂ ಬಂದರು. ಎತ್ತರದ ಆಳು, ನೀಲಿ ಪಗಡಿ, ಎದೆ ತುಂಬ ಬಿಳಿಯ ಗಡ್ಡ. "ಆ ವಿಭೂತಿ ಕೊಂಚ ಒರೆಸಿಕೊಳ್ಳಿ" ಎಂದು ನಾನು ಬೇಡಿಕೊಂಡಿದ್ದೆ. ಚಿಕ್ಕಪ್ಪ ಇನ್ನೆರಡು ಗೆರೆ ದಪ್ಪ ಮಾಡಿಕೊಂಡು ಬಂದಿದ್ದರು! "ಸುಳ್ಳೇಳಿ ದೇವ್ರ ಪಾಠ ಒಪ್ಸಾದಾ?"

ಜೀತೊ ಪ್ರಾರ್ಥನೆ ಪುಸ್ತಕ ತೆರೆದು ಓದತೊಡಗಿದಳು. ಅಕ್ಷರ ತಪ್ಪಲಿಲ್ಲ, ಸಾಲು ತಪ್ಪಲಿಲ್ಲ. ಹಕಾರ ಮಾತ್ರ ಒಂದೂ ಇಲ್ಲ! ಪ್ರಚಾರಕರ ಹುಬ್ಬು ಮೇಲೇರಿತು. ಸರ್ದಾರ್ಜಿ ಕಣ್ಣು ಮುಚ್ಚಿಕೊಂಡರು.

"ಹತ್ತನೆಯ ಗುರುಗಳು ತಲೆ ಕೊಡುವವರು ಯಾರೆಂದಾಗ ಎದ್ದು ನಿಂತ ಐವರು ಎಲ್ಲಿಯವರು?" ಪ್ರಚಾರಕರು ಹಿಂದಿಯಲ್ಲಿ ಕೇಳಿದರು.

ಜೀತೊ ನಾಲ್ಕು ಊರುಗಳನ್ನು ಹೇಳಿ, ಐದನೆಯದಕ್ಕೆ ಎದೆ ಮುಟ್ಟಿಕೊಂಡಳು. "ಇನ್ನೊಬ್ರು ನಮ್ಮೋರು! ಬೀದರ್‌ನೋರು!"

ಬೀದರು ನಮ್ಮ ರಾಜ್ಯಕ್ಕೆ ಸೇರಿದ ಹೊಸತು. ಅದನ್ನು ಚಿಕ್ಕಪ್ಪ ತಾವೇ ಗೆದ್ದು ತಂದವರಂತೆ ಅವಳಿಗೆ ಹೇಳಿಕೊಟ್ಟಿದ್ದರು. ಮಿಲಿಟರಿ ಹಿಂದಿಯಲ್ಲಿ ಅವರು ಅದನ್ನು ವಿವರಿಸುತ್ತಿದ್ದಂತೆ ಪ್ರಚಾರಕರ ಗಡ್ಡ ಅಲುಗತೊಡಗಿತು. ಸಿಟ್ಟೆಂದು ನಾವು ತಿಳಿದೆವು. ನೋಡಿದರೆ ನಗು! "ಹಕಾರದ ಚಿಂತೆ ಬೇಡ. ನಮ್ಮ ಹಳ್ಳಿಗಳಲ್ಲೂ ಅರ್ಧ ಜನ ಅದನ್ನು ನುಂಗುತ್ತಾರೆ. ಇವಳ ತಾತನೂ ನುಂಗುತ್ತಾನೆ! ಮಗು ಕಲಿತಿದ್ದಾಳೆಂದು ಬರೆಯುತ್ತೇನೆ. ಇಲ್ಲೇ ಇರಲಿ."

ಅಬ್ಬಾ! ಏಳು ತಿಂಗಳಿಂದ ಹಿಡಿದಿಟ್ಟ ಉಸಿರು ಆಗ ಹೊರಗೆ ಬಂತು. ಸರ್ದಾರ್ಜಿ ಚಿಕ್ಕಪ್ಪನನ್ನು ಸೊಂಟ ಹಿಡಿದು ಮೇಲೆತ್ತಿದರು, ಹಗುರ ದಿಮ್ಮಿ ಎತ್ತಿದಂತೆ! "ಇಳಿಸಪ್ಪೋ, ಇನ್ನೊಂದ್ ಕಾಲೂ ಮುರ್ದೋದದು!" ಎಂದು ಚಿಕ್ಕಪ್ಪ ಕೂಗಿಕೊಂಡರು.

ಪ್ರಚಾರಕರ ಬಸ್ಸು ಊಟಿಯತ್ತ ಹೊರಟ ಮೇಲೆ ನಾವೂ ಚಪ್ಪಲಿ ಮೆಟ್ಟಿದೆವು. ಆಗ ಒಳಬಾಗಿಲಿನ ಪರದೆ ಸರಿಸಿಕೊಂಡು ಜೀತೊಳ ತಾಯಿ ನಡುಮನೆಗೆ ಬಂದರು. ಅಷ್ಟು ಭಾನುವಾರಗಳಲ್ಲಿ ಒಮ್ಮೆಯೂ ನಮ್ಮೆದುರು ಬಂದವರಲ್ಲ. ಅವರಿಗೆ ಪಂಜಾಬಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲವೆಂದೇ ನಾವು ತಿಳಿದಿದ್ದೆವು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಒಂದೊಂದೇ ಮಾತನ್ನು ಜೋಡಿಸುತ್ತ, ಥೇಟ್ ಹರದನಹಳ್ಳಿಯ ಕನ್ನಡದಲ್ಲಿ ಹೇಳಿದರು:

"ಅಣ್ಣಾ, ಕೂಸು ನಮ್ಮಟ್ಟೀಲೇ ಉಳ್ಕತು. ಉಂಡ್ಬುಟ್ಟು ಓಗಿ."

ಪರದೆಯ ಹಿಂದೆ ಕುಳಿತು ಆಕೆಯೂ ಪಾಠ ಕಲಿತಿದ್ದರು! ನನಗೆ ನಗು ಬಂತು. ಆದರೆ ಸರ್ದಾರ್ಜಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ಇವಳ ಅಣ್ಣ ದೇಶ ಒಡೆದಾಗಿನ ಗಲಾಟೆಯಲ್ಲಿ ಹೋದ. ಆಮೇಲೆ ಇವಳು ಯಾರನ್ನೂ ಅಣ್ಣ ಅಂದಿಲ್ಲ," ಎಂದರು.

ಚಿಕ್ಕಪ್ಪ ಚಪ್ಪಲಿ ಬಿಟ್ಟು, ಕುಂಟುಗಾಲನ್ನು ಮೆಲ್ಲಗೆ ಮಡಚಿ ನೆಲದ ಮೇಲೆ ಕುಳಿತರು. ಚಾಮರಾಜನಗರದ ಬಸ್ಸು ಹೊರಡುವ ಹೊತ್ತಾಗಿದೆಯೆಂದು ನಾನು ನೆನಪಿಸಲಿಲ್ಲ. ಆಕೆ ಬಡಿಸಿದ ರೊಟ್ಟಿಯನ್ನು ತಲೆ ಎತ್ತದೆ ತಿಂದು ಮುಗಿಸಿ, ತಟ್ಟೆಯನ್ನು ಮುಂದಕ್ಕೆ ಸರಿಸಿದರು.

"ಇನ್ನೊಂದ್ ಇಕ್ಕವ್ವ."