ಮಾವನ ವರದಿಯಲ್ಲಿ ‘ಇತರೆ’ ಇರಲಿಲ್ಲ

ನನ್ನ ಸೋದರಮಾವನಿಗೆ ಹಾವೆಂದರೆ ಭಯವಿರಲಿಲ್ಲ, ಮೇಲಧಿಕಾರಿಯೆಂದರೆ ಭಯವಿರಲಿಲ್ಲ, ಅತ್ತೆಯೆಂದರೆ ಸ್ವಲ್ಪ ಇತ್ತು. ಆದರೆ ಯಾವುದಾದರೂ ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂಬ ಮೂರು ಅಕ್ಷರ ಕಂಡರೆ ಸಾಕು, ಅವರ ಮೂಗಿನ ತುದಿ ಕೆಂಪಾಗುತ್ತಿತ್ತು! ಕನ್ನಡದ ಇತರೆಯಾಗಲಿ, ಇಂಗ್ಲಿಷಿನ ಅದರ್ಸ್ ಆಗಲಿ, ಅವರಿಗೆ ಭೇದವಿಲ್ಲ. ಒಂದು ಪದದ ಮೇಲೆ ಇಷ್ಟು ಹಗೆ ಸಾಧಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ನೀವು ಕಂಡಿದ್ದರೆ ದಯವಿಟ್ಟು ಅವರ ಪೂರ್ತಿ ಹೆಸರು ಬರೆದಿಟ್ಟುಕೊಳ್ಳಿ. ಮಾವ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.

ಇದೆಲ್ಲ ಅವರ ಕೆಲಸದಿಂದ ಹತ್ತಿದ ರೋಗವೆಂದು ಅತ್ತೆ ಹೇಳುತ್ತಿದ್ದರು. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮಾವ ಸರ್ಕಾರಿ ನೌಕರಿಯ ಜತೆ ತಿರುವನಂತಪುರಕ್ಕೆ ಬಂದವರು. ಅಲ್ಲಿ ಅವರ ಪಾಲಿಗೆ ಬಂದದ್ದು ದತ್ತಿನಿಧಿಗಳ ಮೇಜು. ಯಾರೋ ಪುಣ್ಯಾತ್ಮರು ತಮ್ಮವರ ಹೆಸರಿನಲ್ಲಿ ಸರ್ಕಾರದ ಕೈಯಲ್ಲಿ ಒಂದಿಷ್ಟು ಹಣವಿಟ್ಟು, ಇದರ ಬಡ್ಡಿಯಲ್ಲಿ ಇಂಥ ಒಳ್ಳೆಯ ಕೆಲಸ ಆಗಲಿ ಎಂದು ಬರೆದುಕೊಟ್ಟರೆ ಅದು ದತ್ತಿನಿಧಿ. ಒಬ್ಬರದು ಬೇಸಗೆಯಲ್ಲಿ ದಾರಿಹೋಕರಿಗೆ ಮಜ್ಜಿಗೆ. ಇನ್ನೊಬ್ಬರದು ಗಣಿತದಲ್ಲಿ ಮೊದಲು ಬಂದ ಹುಡುಗಿಗೆ ಪದಕ. ಮತ್ತೊಬ್ಬರು ಒಂದು ಕೆರೆಯ ಮೆಟ್ಟಿಲುಗಳ ಪಾಚಿಯನ್ನು ವರ್ಷಕ್ಕೊಮ್ಮೆ ತೆಗೆಸಲಿಕ್ಕೆಂದೇ ಹಣ ಇಟ್ಟಿದ್ದರು. ಪಾಪ, ಅಲ್ಲಿ ಒಮ್ಮೆ ಜಾರಿ ಬಿದ್ದಿರಬೇಕು! ಸರ್ಕಾರ ಪ್ರತಿವರ್ಷ ಈ ಎಲ್ಲ ನಿಧಿಗಳ ವರದಿ ಅಚ್ಚು ಹಾಕಿಸಬೇಕಿತ್ತು. ಯಾರ ಹೆಸರಿನ ನಿಧಿ, ಯಾತಕ್ಕೆ, ಬಡ್ಡಿ ಎಷ್ಟು ಬಂತು, ಖರ್ಚಾಯಿತೋ ಇಲ್ಲವೋ ಎಂದು ಒಂದೊಂದು ನಿಧಿಗೂ ಒಂದೊಂದು ಸಾಲು. ಆ ಸಾಲುಗಳನ್ನು ಬರೆಯುತ್ತಿದ್ದವರು ಮಾವ. ವರದಿ ಅಚ್ಚಾಗಿ ಬಂದ ದಿನ ಮನೆಯಲ್ಲಿ ಪಾಯಸ. “ಒಂದು ಹೆಸರೂ ಬಿಟ್ಟುಹೋಗ್ಲಿಲ್ಲ, ಒಂದು ಲೆಕ್ಕವೂ ತಪ್ಪಲಿಲ್ಲ” ಎಂಬ ಮಾತು ಪ್ರತಿವರ್ಷ ಪಾಯಸದ ಜತೆ ಎಲೆಗೆ ಬೀಳುತ್ತಿತ್ತು.

ನಾನು ಆ ಮನೆ ಸೇರಿದ್ದು ಅರವತ್ತರ ದಶಕದ ನಡುವಿನಲ್ಲಿ, ಕಾಲೇಜು ಓದಲಿಕ್ಕೆ. ಅಪ್ಪ ತೀರಿಕೊಂಡಿದ್ದರು, ಅಮ್ಮನಿಂದ ಓದಿಸುವುದು ಸಾಧ್ಯವಿರಲಿಲ್ಲ. ಮಾವನಿಗೆ ಅದಾಗಲೇ ನಾಲ್ಕು ಮಕ್ಕಳು. ಮನೆಗೆ ಬಂದವರು ನನ್ನನ್ನು ನೋಡಿ “ಇವಳು ಯಾರು?” ಎಂದರೆ ನಾನೇ ಮುಂದಾಗಿ “ಇಲ್ಲಿದ್ದು ಓದುವವಳು” ಎಂದು ಹೇಳಿ ಒಳಗೆ ಹೋಗುತ್ತಿದ್ದೆ. ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ. ಹಾಗೆ ಹೇಳುವುದು ಸರಿ ಎಂದು ನನಗೇ ತೋಚಿತ್ತು.

ಊರೆಲ್ಲ ನನ್ನನ್ನು ವಾರಿಜ ಎಂದರೆ ಮಾವ ಮಾತ್ರ ವಾರಿಜಾಕ್ಷಿ ಎನ್ನುತ್ತಿದ್ದರು. ಇಟ್ಟ ಹೆಸರನ್ನು ಮುರಿಯಬಾರದೆಂಬುದು ಅವರ ಕಾನೂನು. ಕೊನೆಯ ಮಗನ ಹೆಸರು ಅನಂತಪದ್ಮನಾಭ. ಅವನಿಗೆ ಆಗ ನಾಲ್ಕು ವರ್ಷ, ಹತ್ತಬಾರದ್ದನ್ನೆಲ್ಲ ಹತ್ತುವ ಪ್ರಾಯ. ಮಾವ “ಅನಂತಪದ್ಮನಾಭಾ, ಬೀಳ್ತಿ!” ಎಂದು ಎಚ್ಚರಿಸುತ್ತಿದ್ದರು. ಹೆಸರು ಹೇಳಿ ಮುಗಿಯುವಷ್ಟರಲ್ಲಿ ಅವನು ಬಿದ್ದಾಗಿರುತ್ತಿತ್ತು.

ಒಂದು ದಿನ ಅತ್ತೆ ಸಾಮಾನಿನ ಚೀಟಿ ಬರೆದರು. ಅಕ್ಕಿ, ಬೇಳೆ, ಬೆಲ್ಲ ಎಂದೆಲ್ಲ ಬರೆದು ಕೈ ಸೋತು ಕೊನೆಗೆ ‘ಇತರ ಸಾಮಾನು’ ಎಂದು ಸೇರಿಸಿದರು. ಮಾವ ಚಾಲೆ ಬಜಾರಿಗೆ ಹೋಗಿ ಬಂದರು.

“ಸಾಸಿವೆ ಎಲ್ಲಿ?” ಎಂದರು ಅತ್ತೆ.

“ನಿನ್ನ ಚೀಟಿಯಲ್ಲಿ ಸಾಸಿವೆ ಇರ್ಲಿಲ್ಲ. ಇತರ ಸಾಮಾನು ಅಂತ ಇತ್ತು. ಅಂಗಡಿಯವನ ಹತ್ತಿರ ಕೇಳಿದೆ. ಅದು ಅವನಲ್ಲಿ ಇಲ್ಲವಂತೆ.”

“ಅಯ್ಯೋ ದೇವರೇ! ಇತರ ಅಂದ್ರೆ ಸಾಸಿವೆ, ಮೆಂತೆ, ಇಂಗು ಅಂತ ಯಾರಿಗಾದ್ರೂ ಗೊತ್ತಾಗುದಿಲ್ವಾ?”

“ಗೊತ್ತಾಗುದಾದ್ರೆ ಬರೀಲಿಕ್ಕೆ ಎಂತ ಕಷ್ಟ? ಸಾಸಿವೆಗೆ ಹೆಸರಿಲ್ವಾ?”

ಆ ದಿನ ಒಗ್ಗರಣೆಯಿಲ್ಲದ ಸಾರು ಉಂಡೆವು. ಮುಂದಿನ ತಿಂಗಳಿನಿಂದ ಅತ್ತೆಯ ಚೀಟಿ ಎರಡು ಪುಟಕ್ಕೆ ಬೆಳೆಯಿತು. ಅದರಲ್ಲಿ ‘ಬೆಂಕಿಪೆಟ್ಟಿಗೆ ಒಂದು, ಕಡ್ಡಿ ಸಮೇತ’ ಎಂದೂ ಇರುತ್ತಿತ್ತು!

ತಿರುವನಂತಪುರದ ಕನ್ನಡಿಗರೆಂದರೆ ಬ್ಯಾಂಕಿನವರು, ಕೇಂದ್ರ ಸರ್ಕಾರದ ಆಫೀಸುಗಳವರು, ಮತ್ತೆ ನಮ್ಮಂಥ ಕಾಸರಗೋಡಿನ ನಾಲ್ಕಾರು ಮನೆ. ನವರಾತ್ರಿಯಲ್ಲಿ ಎಲ್ಲರೂ ಸೇರಿ ಒಂದು ಸಭೆ, ಒಂದು ಭಾಷಣ, ಒಂದು ಊಟ. ಒಂದು ವರ್ಷ ವಂದನಾರ್ಪಣೆಯನ್ನು ಮಾವನಿಗೆ ವಹಿಸಿದರು. ಆ ತಪ್ಪನ್ನು ಮತ್ತೆ ಯಾವತ್ತೂ ಮಾಡಲಿಲ್ಲ. ಭಾಷಣಕಾರರು ಅರ್ಧ ಗಂಟೆ ಮಾತಾಡಿದ್ದರು. ಮಾವ ‘ಇತರ ಎಲ್ಲರಿಗೂ ವಂದನೆಗಳು’ ಎಂದು ಕೈಮುಗಿದು ಇಳಿಯುವ ಜಾತಿಯೇ? ಬೆಂಚು ಕೊಟ್ಟವರು, ಬೆಂಚು ಹೊತ್ತವರು, ಜಮಖಾನ ಹಾಸಿದವರು, ಅದರ ಮೇಲೆ ಚಹಾ ಚೆಲ್ಲಿ ಒರಸಿದವರು, ಎಲ್ಲರ ಹೆಸರೂ ಬಂತು. ಮುಕ್ಕಾಲು ಗಂಟೆಯಾದ ಮೇಲೆ ಹಿಂದಿನ ಸಾಲಿನಿಂದ ಧಾರವಾಡದ ಬ್ಯಾಂಕ್ ಅಧಿಕಾರಿಯೊಬ್ಬರು ಕೂಗಿದರು.

“ಇನ್ನ ಮುಗಸ್ರೀ ಸಾಹೇಬ್ರ, ಅನ್ನ ಆರಲಿಕ್ಕತ್ತದ!”

ಮಾವ ಮಾತು ನಿಲ್ಲಿಸಿದರು. ಅವರ ಹೆಸರು, ತಂದೆಯ ಹೆಸರು ಕೇಳಿ ತಿಳಿದುಕೊಂಡು, ಊಟದ ವಿಷಯ ನೆನಪಿಸಿದ್ದಕ್ಕಾಗಿ ಅವರಿಗೂ ವಂದನೆ ಸಲ್ಲಿಸಿದರು.

ಓದು ಮುಗಿದು ನನಗೆ ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಮಹಿಳೆಯರ ಹಾಸ್ಟೆಲಿನಲ್ಲಿ ವಾಸ. ಎಪ್ಪತ್ತರ ದಶಕ ಶುರುವಾಗಿತ್ತು. ಒಂದು ದಿನ ಅತ್ತೆಯ ಕಾಗದ ಬಂತು. “ನಿನ್ನ ಮಾವನಿಗೆ ಊಟ ಸೇರುವುದಿಲ್ಲ. ವಡೆ ಕಟ್ಟಿದ ಕಾಗದ ಓದುತ್ತಾ ಕೂತಿರುತ್ತಾರೆ. ಒಮ್ಮೆ ಬಂದು ಬುದ್ಧಿ ಹೇಳು” ಎಂದಿತ್ತು.

ನಡೆದದ್ದು ಇಷ್ಟು. ಆಫೀಸಿಗೆ ಹೊಸ ಮೇಲಧಿಕಾರಿ ಬಂದಿದ್ದರು. ಕಾಗದಕ್ಕೆ ಅಭಾವದ ಕಾಲ. ಅವರು ದತ್ತಿನಿಧಿಗಳ ವರದಿಯನ್ನು ತಿರುವಿ ನೋಡಿ, ಸಣ್ಣ ಸಣ್ಣ ನಿಧಿಗಳನ್ನೆಲ್ಲ ಒಟ್ಟುಗೂಡಿಸಿ ಕೊನೆಯಲ್ಲಿ ಒಂದೇ ಸಾಲು ಬರೆಯಿರಿ ಎಂದರು. ಆ ಸಾಲಿನ ಹೆಸರೇನು? ನೀವು ಊಹಿಸಿದ್ದೇ! ಇಡೀ ಕೇರಳ ರಾಜ್ಯದಲ್ಲಿ ಈ ಆಜ್ಞೆ ಹೊರಡಿಸಲು ಅವರಿಗೆ ಬೇರೆ ಮೇಜು ಸಿಗಲಿಲ್ಲ.

ಮಾವ ಹೇಳಿದರಂತೆ, “ಸಾರ್, ಈ ವರ್ಷ ಹೆಸರು ಹೋಗ್ತದೆ. ಬರುವ ವರ್ಷ ಅದು ಯಾತಕ್ಕೆ ಇಟ್ಟ ಹಣ ಅನ್ನುವ ನೆನಪು ಹೋಗ್ತದೆ. ಮತ್ತೆ ಕೆರೆಯ ಪಾಚಿ ಯಾಕೆ ತೆಗೆಸಲಿಲ್ಲ ಅಂತ ಕೇಳುವವರು ಯಾರು?”

“ಈಗ ಯಾರು ಕೇಳುತ್ತಾರೆ? ಈ ವರದಿಯನ್ನು ಓದುವವರು ಯಾರು? ಒಬ್ಬರನ್ನು ತೋರಿಸಿ, ಹೀಗೇ ಬಿಟ್ಟುಬಿಡುತ್ತೇನೆ. ಸೋಮವಾರ ಅಚ್ಚಿಗೆ ಹೋಗಬೇಕು” ಎಂದರು ಅಧಿಕಾರಿ.

ಮಾವ ಓದುಗರನ್ನು ಹುಡುಕಿ ಹೊರಟರು. ಒಂದು ಗ್ರಂಥಾಲಯದಲ್ಲಿ ವರದಿಗಳು ಸಾಲಾಗಿ ಇದ್ದವು. ಎರವಲು ಕೊಟ್ಟದ್ದನ್ನು ಬರೆದಿಡುವ ಪುಸ್ತಕ ತೆಗೆಸಿ ನೋಡಿದರೆ ಏಳು ವರ್ಷದಲ್ಲಿ ಒಬ್ಬರೇ ಒಬ್ಬರು ಒಯ್ದು ಓದಿದ್ದರು. ಸಹಿ ಮಾವನದ್ದೇ! ಆಫೀಸಿನ ಎದುರಿನ ಚಹಾದಂಗಡಿಯಲ್ಲಿ ವಡೆಯನ್ನು ಹಳೆಯ ವರದಿಯ ಹಾಳೆಯಲ್ಲಿ ಕಟ್ಟಿ ಕೊಡುತ್ತಿದ್ದರು. “ಒಳ್ಳೆ ಕಾಗದ ಸಾರ್, ಎಣ್ಣೆ ಚೆನ್ನಾಗಿ ಹೀರ್ತದೆ” ಎಂದು ಅಂಗಡಿಯವನು ಮೆಚ್ಚಿದ. ಮಾವ ಆ ಹಾಳೆಯನ್ನು ಮನೆಗೆ ತಂದು, ಎಣ್ಣೆಯ ಮೂಲಕ ಕೊನೆತನಕ ಓದಿ, ಅಚ್ಚಿನ ತಪ್ಪು ಇಲ್ಲವೆಂದು ಸಮಾಧಾನಪಟ್ಟುಕೊಂಡರು. ಓದುಗರ ಲೆಕ್ಕದಲ್ಲಿ ಅದೂ ಅವರದೇ.

ಶನಿವಾರ ಮಧ್ಯಾಹ್ನ ಮಾವ ಎರ್ನಾಕುಲಂನಲ್ಲಿ ಪ್ರತ್ಯಕ್ಷ. ನನ್ನ ಕೌಂಟರಿನ ಸಾಲಿನಲ್ಲಿ ಹಿತ್ತಾಳೆ ಟೋಕನ್ ಹಿಡಿದು ನಿಂತಿದ್ದಾರೆ!

“ಮಾವಾ, ನೀವು ಯಾಕೆ ಸಾಲಲ್ಲಿ ನಿಂತದ್ದು? ಒಳಗೆ ಬರಬಾರದಾ?”

“ನನ್ನ ಮುಂದೆ ಮೂರು ಜನ ಇದ್ರು. ಅವರಿಗೆ ಕೆಲಸ ಇಲ್ವಾ?” ಎಂದರು. ನಂತರ ತಗ್ಗಿದ ದನಿಯಲ್ಲಿ, “ವಾರಿಜಾಕ್ಷಿ, ಈ ಊರಿನ ಸರ್ಕಾರಿ ಪುಸ್ತಕದ ಅಂಗಡಿಯಲ್ಲಿ ಪ್ರತಿವರ್ಷ ವರದಿಯ ಒಂದು ಪ್ರತಿ ಮಾರಾಟ ಆಗ್ತದೆ. ಲೆಕ್ಕದಲ್ಲಿ ಕಂಡೆ. ಯಾರೋ ಒಬ್ಬರು ದುಡ್ಡು ಕೊಟ್ಟು ತಗೊಳ್ತಾರೆ ಮಾರಾಯ್ತಿ!” ಎಂದರು. ಅವರ ಕಣ್ಣು ಹೊಳೆಯುತ್ತಿತ್ತು.

ಪುಸ್ತಕದಂಗಡಿಯಾತ ಚಕ್ಕನೆ ಹೇಳಿದ. ಕೊಳ್ಳುವುದು ವಲ್ಲಾರ್ಪಾಡಂ ದ್ವೀಪದ ಒಬ್ಬ ಅಮ್ಮಚ್ಚಿ, ಹಳೆಯ ಕಾಲದ ಕ್ರೈಸ್ತ ಹೆಂಗಸರಂತೆ ಬಿಳಿಯ ಚಟ್ಟೆ ಮುಂಡು ಉಟ್ಟ ಮುದುಕಿ. ಚರ್ಚಿನ ಹತ್ತಿರ ಕೇಳಿದರೆ ಮನೆ ಯಾರು ಬೇಕಾದರೂ ತೋರಿಸುತ್ತಾರೆ.

ಜೆಟ್ಟಿಯಿಂದ ದೋಣಿ ಹತ್ತಿದೆವು. ದ್ವೀಪದಲ್ಲಿ ಅಂಗಳದ ತುಂಬ ತೆಂಗಿನ ನಾರು ಹರವಿದ ಮನೆಯೆದುರು ನಿಂತು ಮಾವ ತಾನು ಸರ್ಕಾರದ ದತ್ತಿನಿಧಿ ವರದಿ ಬರೆಯುವವನು ಎಂದು ಮಲಯಾಳದಲ್ಲಿ ಪರಿಚಯ ಹೇಳಿಕೊಂಡರು. ಅಮ್ಮಚ್ಚಿ ಸೊಂಟಕ್ಕೆ ಕೈಯಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಓ, ನೀವೇನಾ? ಈ ವರ್ಷದ ಪುಸ್ತಕ ಎಲ್ಲಿ? ನಾನು ಎರಡು ಸಲ ದೋಣಿ ಹತ್ತಿ ಹೋಗಿ ಬರಿಗೈಲಿ ಬಂದೆ. ಯಾಕೆ ಸಾರ್ ಇಷ್ಟು ತಡ?”

ಮಾವನಿಗೆ ಸ್ವರ್ಗವೇ ಸಿಕ್ಕಿತು. ವರದಿ ತಡವಾಯಿತೆಂದು ಗದರಿಸುವವರೂ ಲೋಕದಲ್ಲಿದ್ದಾರೆ! ಕೈಮುಗಿದು ಕ್ಷಮೆ ಕೇಳಿದರು.

ಅಮ್ಮಚ್ಚಿ ಟ್ರಂಕಿನಿಂದ ವರದಿಗಳ ಕಟ್ಟು ತೆಗೆದರು. ಎಲ್ಲವಕ್ಕೂ ಬಟ್ಟೆಯ ಹೊದಿಕೆ. ಒಂದೊಂದರಲ್ಲಿಯೂ ಗುರುತಿಗೆ ಒಂದು ಒಣಗಿದ ಓಲೆಯ ತುಂಡು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೊದಲ ವರ್ಷ ಪಾದ್ರಿಯವರು ಬೆರಳಿಟ್ಟು ತೋರಿಸಿದ್ದರಂತೆ. ಆಮೇಲೆ ಅಕ್ಷರಗಳ ಆಕಾರ ನೋಡಿಯೇ ಆ ಸಾಲನ್ನು ಹುಡುಕುತ್ತಿದ್ದರು.

“ಇದು ನನ್ನ ಜೋಸೆಫ್” ಎಂದು ಬೆರಳಿಟ್ಟರು.

ಮಾವ ಪುಸ್ತಕ ನೋಡಲೇ ಇಲ್ಲ. ಬಾಯಿಪಾಠವಾಗಿ ಹೇಳಿದರು. “ಜೋಸೆಫ್ ಸ್ಮಾರಕ ನಿಧಿ. ದ್ವೀಪದಿಂದ ಹೈಸ್ಕೂಲಿಗೆ ಹೋಗುವ ಒಬ್ಬ ವಿದ್ಯಾರ್ಥಿಗೆ ಪ್ರತಿವರ್ಷ ಒಂದು ಜಾಮೆಟ್ರಿ ಬಾಕ್ಸ್. ಈ ವರ್ಷವೂ ಕೊಟ್ಟಾಗಿದೆ ಅಮ್ಮಚ್ಚೀ.”

ಜೋಸೆಫ್ ಹತ್ತನೆಯ ತರಗತಿಯ ಪರೀಕ್ಷೆಗೆ ಮೂರು ವಾರ ಇರುವಾಗ ಜ್ವರದಿಂದ ಹೋಗಿದ್ದ. ಕಾಲೇಜಿಗೆಂದು ಕೂಡಿಸಿದ್ದ ಹಣವನ್ನು ತಾಯಿ ಸರ್ಕಾರಕ್ಕೆ ಕೊಟ್ಟಿದ್ದರು. “ನಾನು ಸತ್ತರೂ ಸರ್ಕಾರ ಸಾಯುವುದಿಲ್ಲವಲ್ಲ ಸಾರ್? ಪಾಸಾದವರ ಪಟ್ಟಿಯಲ್ಲಿ ಅವನು ಬರಬೇಕಿತ್ತು, ಬರಲಿಲ್ಲ. ಇದರಲ್ಲಿ ವರ್ಷ ವರ್ಷ ಬರುತ್ತಾನೆ” ಎಂದರು. ಮಾವ ಆ ‘ಇತರೆ’ಯ ಆಜ್ಞೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ವರದಿ ಓದುತ್ತೇನೆಂದು ಒಂದು ಕಾಗದದಲ್ಲಿ ಬರೆಸಿ ಸಹಿ ಪಡೆದರು. ಬರೆದದ್ದು ನಾನು, ಸಹಿಗೆ ಅಮ್ಮಚ್ಚಿ ತೆಗೆದುಕೊಂಡ ಸಮಯದಲ್ಲಿ ಒಂದು ದೋಣಿ ಹೋಗಿ ಇನ್ನೊಂದು ಬಂತು.

ಸೋಮವಾರದ ವಿಷಯ ಈಗಲೇ ಹೇಳಿಬಿಡುತ್ತೇನೆ. ಅಧಿಕಾರಿ ಆ ಕಾಗದವನ್ನು ಎರಡು ಸಲ ಓದಿ, ಆಜ್ಞೆಯ ಮೇಲೆ ಗೀಟು ಹಾಕಿದರು. ಕೊಟ್ಟ ಮಾತಿಗೆ ನಡೆದ ಮನುಷ್ಯ. ಮಾವ ಅವರ ಪೂರ್ತಿ ಹೆಸರನ್ನು ಪಾಯಸದ ದಿನ ಮೂರು ಸಲ ಹೇಳಿದರಂತೆ. ಮಾವ ನಿವೃತ್ತರಾಗುವ ತನಕ ಪ್ರತಿಯೊಂದು ಹೆಸರೂ ತನ್ನ ತನ್ನ ಸಾಲಿನಲ್ಲೇ ಅಚ್ಚಾಯಿತು.

ಆದರೆ ನಾನು ಹೇಳಬೇಕೆಂದು ಕೂತದ್ದು ಅದಲ್ಲ. ನಾವು ಹೊರಡುವ ಹೊತ್ತಿಗೆ ಅಮ್ಮಚ್ಚಿ, “ಸಾರಿಗೆ ಮಕ್ಕಳೆಷ್ಟು?” ಎಂದು ಕೇಳಿದರು.

“ಐದು” ಎಂದರು ಮಾವ.

ನಾನು ತಿರುಗಿ ನೋಡಿದೆ. ಹತ್ತಾರು ವರ್ಷ ನೂರಾರು ನಿಧಿಗಳ ಲೆಕ್ಕದಲ್ಲಿ ಒಮ್ಮೆಯೂ ತಪ್ಪದವರು! ದೋಣಿ ಹತ್ತಿ ಕೂತ ಮೇಲೆ ತಡೆಯಲಾಗಲಿಲ್ಲ.

“ಮಾವಾ, ಅಲ್ಲಿ ನಿಮ್ಮ ಲೆಕ್ಕ ತಪ್ಪಿತು. ನಿಮಗೆ ನಾಲ್ಕು ಮಕ್ಕಳಲ್ವಾ?”

ಮಾವನ ಮೂಗಿನ ತುದಿ ಕೆಂಪಾಯಿತು.

“ನೀನು ಬ್ಯಾಂಕಿನಲ್ಲಿ ಎಂತ ಕೆಲಸ ಮಾಡುದು ಮಾರಾಯ್ತಿ? ಸರಿಯಾಗಿ ಎಣಿಸು” ಎಂದು ಬೆರಳು ಮಡಚತೊಡಗಿದರು. “ಸಾವಿತ್ರಿ. ಗಣಪತಿ. ವಾರಿಜಾಕ್ಷಿ. ಶಾರದೆ. ಅನಂತಪದ್ಮನಾಭ. ಎಷ್ಟಾಯ್ತು?”

ಕೊನೆಯಲ್ಲಿ ಸೇರಿಸಿರಲಿಲ್ಲ. ಪ್ರಾಯಕ್ಕೆ ಸರಿಯಾಗಿ ಮೂರನೆಯ ಸಾಲಿನಲ್ಲಿ ಇಟ್ಟಿದ್ದರು. ನನಗೆ ಅಳು ಬಂತು. ಮುಖವನ್ನು ನೀರಿನ ಕಡೆಗೆ ತಿರುಗಿಸಿಕೊಂಡು, ದೋಣಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿದೆ. ಮಾವ ಬೈಯುತ್ತಲೇ ಮೊದಲಿನಿಂದ ಇನ್ನೊಮ್ಮೆ ಎಣಿಸಿದರು.